ಓದುಗರ ಪ್ರಶ್ನೆ, ನನ್ನ ಉತ್ತರ: ಕೆಂಪು ಮಣ್ಣಿನ ದಾರಿಯಲ್ಲಿ ಮಕ್ಕಳ ಜೊತೆ

ಕಳೆದ ತಿಂಗಳು ಇದೇ ಪುಟದಲ್ಲಿ ನಮ್ಮ ಆಸ್ಟ್ರೇಲಿಯಾ ಪ್ರವಾಸದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. 2023ರ ಬೇಸಿಗೆ ರಜೆಯಲ್ಲಿ ನಾನು, ನಮ್ಮ ಮನೆಯವರು, ಏಳು ವರ್ಷದ ಮಗ, ನಾಲ್ಕು ವರ್ಷದ ಮಗಳು ಅಡಿಲೇಡ್‌ಗೆ ಹೋಗಿದ್ದೆವು. ಅಲ್ಲಿ ನನ್ನ ತಮ್ಮ ಇದ್ದಾನೆ. ಅವನ ದೊಡ್ಡ ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಸಣ್ಣ ಮನೆ, ಕಟ್ಟಿಕೊಂಡು ಐದೂ ಜನ ಒಳನಾಡಿನ ಕಡೆ ಹೊರಟೆವು. ಅಲ್ಲಿನವರು ಅದನ್ನು ಔಟ್‌ಬ್ಯಾಕ್ ಅನ್ನುತ್ತಾರೆ. ಊರುಗಳು ತೀರಾ ಕಡಿಮೆ, ಎತ್ತ ನೋಡಿದರೂ ಕೆಂಪು ಮಣ್ಣು. ಕೂಬರ್ ಪೀಡಿ ಅನ್ನುವ ಗಣಿಯ ಊರು, ಉಲುರು ಅನ್ನುವ ದೊಡ್ಡ ಬಂಡೆ, ನಡುನಾಡಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್ ನೋಡಿಕೊಂಡು ಅದೇ ದಾರಿಯಲ್ಲಿ ವಾಪಸ್ ಬಂದೆವು. 18 ದಿನ, ಸುಮಾರು 3,600 ಕಿಲೋಮೀಟರ್.

ಇಷ್ಟು ಬರೆದಿದ್ದಕ್ಕೆ ಬಂದ ಪತ್ರಗಳನ್ನು ನೋಡಿ ಸಂತೋಷ ಆಯಿತು. ಹೆಚ್ಚಿನವು ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರದು. ಒಂದು ಹತ್ತು ವರ್ಷದ ಹುಡುಗನದು. ಒಂದೊಂದಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಮಕ್ಕಳಿಗೆ ಆರು ಮತ್ತು ಮೂರು ವರ್ಷ. ನಮ್ಮ ಯಜಮಾನರ ಅಕ್ಕ ಮೆಲ್ಬರ್ನ್‌ನಲ್ಲಿದ್ದಾರೆ. ಎಲ್ಲರೂ ಕ್ಯಾರವಾನ್‌ನಲ್ಲಿ ಹೋಗೋಣ ಬನ್ನಿ ಅಂತ ಕರೆಯುತ್ತಿದ್ದಾರೆ. ನಮ್ಮ ಅತ್ತೆ ಮಾತ್ರ "ಇಷ್ಟು ಸಣ್ಣ ಮಕ್ಕಳನ್ನ ಮರುಭೂಮಿಗೆ ಕರ್ಕೊಂಡು ಹೋಗ್ತೀರಾ?" ಅಂತ ಬೇಡ ಅನ್ನುತ್ತಿದ್ದಾರೆ. ಹೋಗಬಹುದಾ? ಹೋಗುವುದಾದರೆ ಯಾವಾಗ?
— ವಿಜಯನಗರದ ಒಬ್ಬ ತಾಯಿ

ಹೋಗಬಹುದು. ಆದರೆ ಡಿಸೆಂಬರ್ ರಜೆಯಲ್ಲಿ ಖಂಡಿತ ಬೇಡ. ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು ಹೆದರುತ್ತಿರುವುದರಲ್ಲಿ ಅರ್ಥವಿದೆ.

ನಮಗೆ ಚಳಿಗಾಲ ಇದ್ದಾಗ ಅಲ್ಲಿ ಬೇಸಿಗೆ. ಜನವರಿಯಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಹಗಲಿನ ಸರಾಸರಿ ಬಿಸಿಲೇ 36 ಡಿಗ್ರಿ. 40 ದಾಟುವ ದಿನಗಳೂ ಬೇಕಾದಷ್ಟು. ಆ ಬಿಸಿಲಿನಲ್ಲಿ ಗಾಡಿ ಕೆಟ್ಟು ನಿಂತರೆ ಮಕ್ಕಳಿಗೆ ನಿಜವಾಗಿಯೂ ಅಪಾಯ. ನಮ್ಮ ಏಪ್ರಿಲ್-ಮೇ ರಜೆ ಇದೆಯಲ್ಲ, ಅದು ಅಲ್ಲಿ ಬಿಸಿಲು ಇಳಿಯುವ ಕಾಲ. ಮೇ ತಿಂಗಳಲ್ಲಿ ಹಗಲು 23 ಡಿಗ್ರಿ ಆಸುಪಾಸು, ರಾತ್ರಿ ಏಳೆಂಟು. ಬೆಂಗಳೂರಲ್ಲಿ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿರುವ ಹೊತ್ತಲ್ಲಿ ನಾವು ಸ್ವೆಟರ್ ಹಾಕಿಕೊಂಡು ಕ್ಯಾರವಾನಿನ ಬಾಗಿಲಲ್ಲಿ ಕೂತು ಕಾಫಿ ಕುಡಿದೆವು. ನಮ್ಮ ಶಾಲೆ ರಜೆಗೂ ಆ ಸೀಮೆಗೂ ಇಷ್ಟು ಚೆನ್ನಾಗಿ ಹೊಂದಿಕೆಯಾಗುವುದು ನಮ್ಮ ಪುಣ್ಯ. ಜೂನ್-ಜುಲೈಯಲ್ಲಿ ಹಗಲು ಇನ್ನೂ ಚೆನ್ನ, ಆದರೆ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ದಸರಾ ರಜೆಯ ಹೊತ್ತಿಗೆ ಬಿಸಿಲು ಮತ್ತೆ 30 ದಾಟಿರುತ್ತದೆ.

ಹಾವು, ಜೇಡ ಅಂತ ಎಲ್ಲರೂ ಕೇಳುತ್ತಾರೆ. 18 ದಿನದಲ್ಲಿ ನಾವು ಒಂದೂ ಹಾವು ನೋಡಲಿಲ್ಲ. ಆದರೂ ಮಕ್ಕಳು ಬರಿಗಾಲಲ್ಲಿ ಇಳಿಯುವ ಹಾಗಿರಲಿಲ್ಲ. ಬೂಟು ಹಾಕುವ ಮುಂಚೆ ತಲೆಕೆಳಗೆ ಮಾಡಿ ಕುಟ್ಟುವುದು ಅಭ್ಯಾಸ ಆಗಿಹೋಯಿತು. ನಿಜವಾಗಿ ಕಾಡಿದ್ದು ನೊಣ. ಕಣ್ಣಿನ ಮೂಲೆ, ಮೂಗು, ತುಟಿ, ಎಲ್ಲಿ ತೇವ ಇದೆಯೋ ಅಲ್ಲೇ ಕೂರುತ್ತವೆ. ಟೋಪಿ ಮೇಲೆ ಹಾಕಿಕೊಳ್ಳುವ ಸೊಳ್ಳೆ ಪರದೆಯಂಥ ಬಲೆ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ದಿನವೇ ಎಲ್ಲರಿಗೂ ಒಂದೊಂದು ತೊಗೊಳ್ಳಿ. ನನ್ನ ಮಗಳು ಅದನ್ನು ಮದುಮಗಳ ಮುಸುಕು ಅಂದುಕೊಂಡು ರಾತ್ರಿ ಕೂಡ ತೆಗೆಯಲು ಒಪ್ಪಲಿಲ್ಲ.

ಅತ್ತೆಯವರಿಗೆ ಹೇಳಿ: ಬಿಸಿಲು ಮತ್ತು ದೂರ, ಇವೆರಡನ್ನು ಲೆಕ್ಕ ಹಾಕಿಯೇ ಹೊರಟಿದ್ದೇವೆ ಅಂತ. ದೂರದ ವಿಷಯ ಮುಂದಿನ ಪತ್ರದಲ್ಲಿ ಬರುತ್ತದೆ, ಅದನ್ನೂ ಅವರಿಗೆ ಓದಿ ಹೇಳಿ.

ಪ್ರಶ್ನೆ: ನಾನು ಬೆಂಗಳೂರಿನಿಂದ ಗೋವಾಗೆ ಒಂದೇ ದಿನದಲ್ಲಿ ಕಾರು ಓಡಿಸಿದವನು. ಅಲ್ಲಿ ರಸ್ತೆ ನೇರ, ಟ್ರಾಫಿಕ್ ಇಲ್ಲ, ಹಂಪ್ ಇಲ್ಲ. ದಿನಕ್ಕೆ 500-600 ಕಿಲೋಮೀಟರ್ ಆರಾಮಾಗಿ ಆಗುತ್ತೆ ಅಲ್ವಾ?
— ಯಲಹಂಕದ ಒಬ್ಬ ತಂದೆ

ಆಗುತ್ತೆ. ದಯವಿಟ್ಟು ಮಾಡಬೇಡಿ. ನಾವು ಮಾಡಿ ನೋಡಿದ್ದೇವೆ.

ಪೋರ್ಟ್ ಅಗಸ್ಟಾದಿಂದ ಉತ್ತರಕ್ಕೆ ಡಾರ್ವಿನ್‌ವರೆಗೆ ಹೋಗುವುದು ಸ್ಟುವರ್ಟ್ ಹೆದ್ದಾರಿ. 2,700 ಕಿಲೋಮೀಟರ್‌ಗಿಂತ ಜಾಸ್ತಿ ಉದ್ದ, ಪೂರ್ತಿ ಡಾಂಬರು. ಮೂರನೇ ದಿನ ನಾವು ಪೋರ್ಟ್ ಅಗಸ್ಟಾದಿಂದ ಕೂಬರ್ ಪೀಡಿಗೆ, ಅಂದರೆ ಸುಮಾರು 540 ಕಿಲೋಮೀಟರ್, ಒಂದೇ ದಿನದಲ್ಲಿ ಹೋಗೋಣ ಅಂತ ಹೊರಟೆವು. ಮಕ್ಕಳನ್ನು ಎಬ್ಬಿಸಿ, ತಿಂಡಿ ಮುಗಿಸಿ, ಕ್ಯಾರವಾನ್ ಕಟ್ಟುವಷ್ಟರಲ್ಲಿ ಹತ್ತೂವರೆ. ಆಗಲೇ ತಡ ಆಗಿತ್ತು.

ದಾರಿಯಲ್ಲಿ ಲೇಕ್ ಹಾರ್ಟ್ ಅಂತ ಒಂದು ಉಪ್ಪಿನ ಕೆರೆ ಸಿಗುತ್ತದೆ. ನೀರಿಲ್ಲ, ಕಣ್ಣು ಹಾಯಿಸಿದಷ್ಟೂ ಬಿಳಿ ಉಪ್ಪು. ಮಗ ಅದರ ಅಂಚಿನಲ್ಲಿ ಮಂಡಿಯೂರಿ ಕೂತ. ಉಪ್ಪಿನ ಪದರ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕೆಳಗೆ ಕಂದು ಬಣ್ಣದ ಕೆಸರು. ಒಂದು ಚೂರು ಎತ್ತಿ ಬಿಸಿಲಿಗೆ ಹಿಡಿದು, ಒಳಗಿನ ಸಣ್ಣ ಸಣ್ಣ ಹರಳು ನೋಡುತ್ತಾ, "ಅಮ್ಮ, ಇದು ನಮ್ಮ ಮನೆ ಉಪ್ಪೇನಾ?" ಅಂತ ಕೇಳಿದ. ನಾನು ಗಡಿಯಾರ ನೋಡಿ, "ಬಾ, ಹೊತ್ತಾಯ್ತು" ಅಂತ ಕೈಹಿಡಿದು ಎಳೆದುಕೊಂಡು ಬಂದೆ. ಹತ್ತೇ ನಿಮಿಷ ನಿಂತಿದ್ದು. ಅದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಆಮೇಲೆ ಗ್ಲೆಂಡಾಂಬೊ. ಅಲ್ಲಿ ಡೀಸೆಲ್ ತುಂಬಿಸಿದರೆ ಮುಂದಿನ ಬಂಕ್ ಕೂಬರ್ ಪೀಡಿಯಲ್ಲೇ, 254 ಕಿಲೋಮೀಟರ್ ಆಚೆ. ಬೆಂಗಳೂರು ಬಿಟ್ಟರೆ ದಾವಣಗೆರೆವರೆಗೆ ಒಂದು ಬಂಕ್ ಇಲ್ಲ, ಒಂದು ಮನೆ ಇಲ್ಲ, ಒಂದು ಟೀ ಅಂಗಡಿ ಇಲ್ಲ ಅಂದುಕೊಳ್ಳಿ. ಅರವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಮಗಳಿಗೆ ವಾಂತಿ. ಗಾಡಿ ನಿಲ್ಲಿಸಿ, ಸೀಟು ತೊಳೆದು, ಬಟ್ಟೆ ಬದಲಾಯಿಸಿ ಹೊರಟೆವು. ಮತ್ತೆ ವಾಂತಿ. ಸೂರ್ಯ ಇಳಿಯತೊಡಗಿದ. ತಮ್ಮ ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದ ಅಂದರೆ ಗಾಬರಿಯಾಗಿದ್ದಾನೆ ಅಂತ ನನಗೆ ಚಿಕ್ಕಂದಿನಿಂದ ಗೊತ್ತು.

ಮುಸ್ಸಂಜೆಯಲ್ಲಿ ಕಾಂಗರೂಗಳು ಮೇಯಲು ಹೊರಗೆ ಬರುತ್ತವೆ. ಒಂದು ಬಲಗಡೆಯಿಂದ ಹಾರಿ ನಡುರಸ್ತೆಯಲ್ಲಿ ನಿಂತಿತು. ತಮ್ಮ ಸ್ಟಿಯರಿಂಗ್ ತಿರುಗಿಸಲಿಲ್ಲ, ನೇರವಾಗಿಯೇ ಬ್ರೇಕ್ ಹಿಡಿದ. ಹಿಂದೆ ಕ್ಯಾರವಾನ್ ಎಡಕ್ಕೂ ಬಲಕ್ಕೂ ತುಯ್ದಾಡಿತು. ಕಾಂಗರೂ ಹಾರಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಅವನು ಹೇಳಿದ: ಹಿಂದೆ ಕ್ಯಾರವಾನ್ ಇರುವಾಗ ಪಕ್ಕಕ್ಕೆ ತಿರುಗಿಸಿದರೆ ಗಾಡಿ ಮಗುಚುತ್ತದೆ, ಪ್ರಾಣಿಯನ್ನು ತಪ್ಪಿಸಲು ಹೋಗಿ ಮನೆಯವರನ್ನೇ ಕಳೆದುಕೊಂಡವರಿದ್ದಾರೆ. ಮುಂದೆ ಸಿಕ್ಕಿದ ಮೊದಲ ತಂಗುವ ಜಾಗದಲ್ಲೇ ನಿಲ್ಲಿಸಿದೆವು. ರಾತ್ರಿ ಊಟಕ್ಕೆ ಬಿಸ್ಕತ್ತು, ಬಾಳೆಹಣ್ಣು. ಮಗಳು ನನ್ನ ಎದೆಗಪ್ಪಿಕೊಂಡು ಮಲಗಿದಳು.

ಅವತ್ತಿನಿಂದ ನಮ್ಮ ನಿಯಮ ಬದಲಾಯಿತು. ದಿನಕ್ಕೆ 250, ಬಹಳ ಅಂದರೆ 300 ಕಿಲೋಮೀಟರ್. ಮಧ್ಯಾಹ್ನ ಮೂರಕ್ಕೆ ಗಾಡಿ ನಿಂತಿರಬೇಕು. ಮಸುಕು ಬೆಳಕಲ್ಲಿ, ಕತ್ತಲಲ್ಲಿ ಓಡಿಸುವ ಮಾತೇ ಇಲ್ಲ. ಎರಡು ದಿನ ಓಡಿಸಿದರೆ ಒಂದು ದಿನ ಒಂದೇ ಕಡೆ. ಒಂದೊಂದು ಗಂಟೆಗೆ ಇಳಿದು ಮಕ್ಕಳನ್ನು ಓಡಲು ಬಿಡುವುದು. ಆಲಿಸ್ ಸ್ಪ್ರಿಂಗ್ಸ್ ಇರುವ ಉತ್ತರ ಪ್ರಾಂತ್ಯದಲ್ಲಿ (ನಾರ್ದರ್ನ್ ಟೆರಿಟರಿ) ಈ ಹೆದ್ದಾರಿಯ ವೇಗದ ಮಿತಿ 130ರವರೆಗೆ ಇದೆ, ನಾವು 90 ದಾಟಲಿಲ್ಲ. ವಾಪಸ್ ಬರುವಾಗ ಲೇಕ್ ಹಾರ್ಟ್ ಹತ್ತಿರ ಮೂರು ಗಂಟೆ ಇದ್ದೆವು. ಮಗ ತನಗೆ ಸಾಕಾಗುವವರೆಗೆ ಉಪ್ಪು ನೋಡಿದ.

ಇನ್ನೊಂದು ಮಾತು, ರೋಡ್ ಟ್ರೇನ್ ಬಗ್ಗೆ. ಮೂರು ಮೂರು ಟ್ರೇಲರ್ ಕಟ್ಟಿದ ಲಾರಿ ಅದು, 53.5 ಮೀಟರ್‌ವರೆಗೂ ಉದ್ದ ಇರುತ್ತದೆ. ನಮ್ಮ ಬಿಎಂಟಿಸಿ ಬಸ್ಸು ನಾಲ್ಕನ್ನು ಸಾಲಾಗಿ ನಿಲ್ಲಿಸಿದರೂ ಅದಕ್ಕಿಂತ ಗಿಡ್ಡ. ಎದುರಿನಿಂದ ಬಂದು ದಾಟುವಾಗ ಗಾಳಿ ಕ್ಯಾರವಾನನ್ನು ಜಗ್ಗುತ್ತದೆ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ಅದನ್ನು ಓವರ್‌ಟೇಕ್ ಮಾಡುವ ಅವಸರ ಬೇಡ. ಅಲ್ಲಿನ ಬಹಳ ಗಾಡಿಗಳಲ್ಲಿ ರೇಡಿಯೋ ಸೆಟ್ ಇರುತ್ತದೆ. 40ನೇ ಚಾನೆಲ್‌ನಲ್ಲಿ ಲಾರಿ ಚಾಲಕರ ಹತ್ತಿರ ಮಾತಾಡಬಹುದು. ಅವರೇ "ಈಗ ಬನ್ನಿ, ಎದುರಿಗೆ ಯಾರೂ ಇಲ್ಲ" ಅಂತ ಹೇಳುತ್ತಾರೆ. ನನ್ನ ಮಗ ಪ್ರತಿ ಸಲವೂ ಥ್ಯಾಂಕ್ಸ್ ಹೇಳುವ ಕೆಲಸ ತಾನೇ ವಹಿಸಿಕೊಂಡಿದ್ದ.

ಪ್ರಶ್ನೆ: ಕ್ಯಾರವಾನ್, ಮೋಟರ್‌ಹೋಮ್ ಎರಡೂ ಒಂದೇನಾ? ನಮ್ಮ ಲೈಸೆನ್ಸ್ ನಡೆಯುತ್ತಾ? ಕಾರು ಓಡುವಾಗ ಮಕ್ಕಳು ಹಿಂದೆ ಕ್ಯಾರವಾನಿನ ಹಾಸಿಗೆ ಮೇಲೆ ಮಲಗಬಹುದಾ?
— ರಾಜಾಜಿನಗರ

ಒಂದೇ ಅಲ್ಲ. ಅಲ್ಲಿ ಕ್ಯಾರವಾನ್ ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆ. ಎಂಜಿನ್ ಸಮೇತ ಒಂದೇ ಗಾಡಿಯಾಗಿದ್ದರೆ ಮೋಟರ್‌ಹೋಮ್. ಅಲ್ಲಿ ನೆಂಟರಿಲ್ಲದೆ ಬಾಡಿಗೆಗೆ ತೊಗೊಳ್ಳುವವರಿಗೆ ಮೋಟರ್‌ಹೋಮ್ ವಾಸಿ. ಎಳೆಯುವ ಅಭ್ಯಾಸ ಇಲ್ಲದವರು, ಅದೂ ಮಕ್ಕಳನ್ನು ಕೂರಿಸಿಕೊಂಡು, ಮೊದಲ ಸಲ ಅಲ್ಲಿ ಹೋಗಿ ಕಲಿಯುವುದು ಬೇಡ. ರಿವರ್ಸ್ ತೆಗೆಯುವುದೇ ಒಂದು ವಿದ್ಯೆ. ನಮ್ಮ ಮನೆಯವರು ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿದ್ದಾರೆ, ಆದರೂ ರಿವರ್ಸ್ ಅಂದಾಗ ತಮ್ಮನ ಕೈಗೇ ಕೊಡುತ್ತಿದ್ದರು.

ಪ್ರವಾಸಕ್ಕೆ ಹೋದವರಿಗೆ ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಆದರೂ ಆರ್‌ಟಿಓದಿಂದ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಹೋಗಿ, ಬಾಡಿಗೆಯವರು ಕೇಳಬಹುದು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅದೊಂದು ಸಮಾಧಾನ.

ಎಳೆಯುವ ಕ್ಯಾರವಾನಿನೊಳಗೆ ಯಾರೂ ಕೂರುವ ಹಾಗಿಲ್ಲ. ಕಾನೂನಿಗೆ ವಿರುದ್ಧ. ಏಳು ವರ್ಷದೊಳಗಿನ ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಚೈಲ್ಡ್ ಸೀಟ್ ಬೇಕೇ ಬೇಕು. ಮೋಟರ್‌ಹೋಮ್ ಬುಕ್ ಮಾಡುವ ಮುಂಚೆ ಚೈಲ್ಡ್ ಸೀಟ್ ಬಿಗಿಯುವ ಕೊಂಡಿ ಎಷ್ಟಿದೆ ಅಂತ ಕೇಳಿ. ಐದು ಜನ ಮಲಗಬಹುದಾದ ಗಾಡಿಯಲ್ಲೂ ಆ ಕೊಂಡಿ ಒಂದೋ ಎರಡೋ ಇರಬಹುದು. ಇಲ್ಲಿ ನಾವು ಮಗುವನ್ನು ಮುಂದಿನ ಸೀಟಲ್ಲಿ ತೊಡೆ ಮೇಲೆ ಕೂರಿಸಿಕೊಂಡು ಹೋಗುವುದನ್ನು ದಿನಾ ನೋಡುತ್ತೇವೆ. ಅಲ್ಲಿಂದ ಬಂದ ಮೇಲೆ ನನಗೆ ಅದನ್ನು ನೋಡಲಾಗುವುದಿಲ್ಲ. ಊರಲ್ಲೂ ಈಗ ನಮ್ಮ ಕಾರಲ್ಲಿ ಮಗಳಿಗೆ ಸೀಟ್ ಇದೆ.

ಪ್ರಶ್ನೆ: ಅಮ್ಮಾ, ನಮ್ಮ ಮೊಮ್ಮಕ್ಕಳು ಅನ್ನ ಸಾರು ಬಿಟ್ಟರೆ ಏನೂ ಮುಟ್ಟುವುದಿಲ್ಲ. ಅಷ್ಟು ದಿನ ಅಲ್ಲಿ ಊಟಕ್ಕೆ ಏನು ಮಾಡಿದಿರಿ? ಹುಳಿಪುಡಿ, ಉಪ್ಪಿನಕಾಯಿ ಕಟ್ಟಿ ಕಳಿಸಬಹುದೇ?
— ಮಲ್ಲೇಶ್ವರದ ಒಬ್ಬ ಅಜ್ಜಿ

ಅಜ್ಜಿ, ನಮಸ್ಕಾರ. ನಮ್ಮ ಮಕ್ಕಳೂ ಹಾಗೆಯೇ. ಕ್ಯಾರವಾನಿನ ದೊಡ್ಡ ಅನುಕೂಲವೇ ಅದು, ಅಡುಗೆಮನೆ ನಮ್ಮ ಹಿಂದೆಯೇ ಬರುತ್ತದೆ. ಎರಡು ಬರ್ನರ್ ಗ್ಯಾಸ್ ಒಲೆ, ಸಣ್ಣ ಫ್ರಿಜ್, ಸಿಂಕ್. ನಾವು ಮೂರು ಲೀಟರ್ ಕುಕ್ಕರ್ ಒಂದನ್ನೇ ಇಟ್ಟುಕೊಂಡಿದ್ದೆವು. ಬೆಳಗ್ಗೆ ಅವಲಕ್ಕಿ ಇಲ್ಲ ಉಪ್ಪಿಟ್ಟು, ಮಧ್ಯಾಹ್ನ ಬೆಳಗ್ಗೆಯೇ ಕಲಸಿಟ್ಟ ಚಿತ್ರಾನ್ನ ಅಥವಾ ಪುಳಿಯೋಗರೆ, ರಾತ್ರಿ ಬಿಸಿ ಅನ್ನ, ತಿಳಿಸಾರು. ಗಾಡಿ ಓಡುವ ದಿನ ಮಧ್ಯಾಹ್ನ ಒಲೆ ಹಚ್ಚುವ ಗೊಡವೆಯೇ ಬೇಡ. ಮರದ ನೆರಳಲ್ಲಿ ಡಬ್ಬಿ ಬಿಚ್ಚಿದರೆ ಮುಗಿಯಿತು.

ಕಟ್ಟಿ ಕಳಿಸುವ ವಿಷಯದಲ್ಲಿ ಮಾತ್ರ ಹುಷಾರು. ಆಸ್ಟ್ರೇಲಿಯಾದವರು ಹೊರಗಿನ ಆಹಾರದ ಬಗ್ಗೆ ಬಹಳ ಕಟ್ಟುನಿಟ್ಟು. ವಿಮಾನದಲ್ಲಿ ಕೊಡುವ ಫಾರಂನಲ್ಲಿ ತಂದಿರುವ ಪ್ರತಿಯೊಂದು ತಿನ್ನುವ ವಸ್ತುವನ್ನೂ ಹೇಳಿಕೊಳ್ಳಬೇಕು. ಹೇಳಿಕೊಂಡರೆ ಹೆಚ್ಚೆಂದರೆ ತೆಗೆದುಕೊಂಡು ಬಿಸಾಡುತ್ತಾರೆ. ಮುಚ್ಚಿಟ್ಟರೆ ದೊಡ್ಡ ದಂಡ. ಹಸಿ ಕರಿಬೇವು, ಹಣ್ಣು, ಬಿತ್ತಿದರೆ ಮೊಳೆಯುವ ಕಾಳು, ಇವೆಲ್ಲ ಬೇಡವೇ ಬೇಡ. ಅಡಿಲೇಡ್‌ನಲ್ಲಿ ನಮ್ಮ ದೇಶದ ದಿನಸಿ ಅಂಗಡಿಗಳಿವೆ. ತೊಗರಿಬೇಳೆ, ಸೋನಾ ಮಸೂರಿ, ಹುಣಸೆಹಣ್ಣು, ಎಲ್ಲ ಅಲ್ಲೇ ಸಿಕ್ಕಿತು. ನಾನು ಇಲ್ಲಿಂದ ತೊಗೊಂಡು ಹೋಗಿದ್ದು ಅಂಗಡಿಯ ಸೀಲ್ ಇದ್ದ ಎರಡು ಪೊಟ್ಟಣ ಸಾರಿನಪುಡಿ ಅಷ್ಟೇ. ತೋರಿಸಿದೆ, ಓದಿ ನೋಡಿ ಬಿಟ್ಟರು.

ಇನ್ನೊಂದು, ದೇಶದೊಳಗೂ ಹಣ್ಣಿನ ತಪಾಸಣೆ ಇದೆ. ಹಣ್ಣಿನ ನೊಣ ಬರಬಾರದು ಅಂತ ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದೊಳಗೆ ಬೇರೆ ಕಡೆಯ ಹಣ್ಣು ತರಕಾರಿ ಬಿಡುವುದಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕೊಂಡ ಟೊಮೆಟೊ ಉಳಿದಿತ್ತು. ಗಡಿಗೆ ಬರುವ ಹಿಂದಿನ ದಿನ ಎಲ್ಲ ಸೇರಿಸಿ ಗೊಜ್ಜು ಮಾಡಿ ಮುಗಿಸಿದೆವು.

ನೀರಿನ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಕ್ಯಾರವಾನಿನ ಟ್ಯಾಂಕ್ ಅಲ್ಲದೆ 20 ಲೀಟರ್‌ನ ಎರಡು ಕ್ಯಾನ್ ಕುಡಿಯುವ ನೀರು ಯಾವಾಗಲೂ ತುಂಬಿರುತ್ತಿತ್ತು. ಅದನ್ನು ಕಾರಿನಲ್ಲೇ ಇಡಿ. ಕೂಬರ್ ಪೀಡಿಯಲ್ಲಿ ಅಂತರ್ಜಲ ಉಪ್ಪು, ಅದರ ಉಪ್ಪು ತೆಗೆದು ಊರಿಗೆ ಕೊಡುತ್ತಾರೆ. ಹೋದವರು ನಾಣ್ಯ ಹಾಕಿ ಪೈಪಿನಲ್ಲಿ ಹಿಡಿದುಕೊಳ್ಳಬೇಕು. ಮಗ ನೋಡಿದವನೇ, "ಅಮ್ಮ, ನಮ್ಮ ಬೀದಿ ಕೊನೆಯ ನೀರಿನ ಘಟಕದ ಹಾಗೇ ಇದೆ" ಅಂದ. ಕಾಯಿನ್ ಹಾಕಿ ಕ್ಯಾನ್ ಹಿಡಿಯುವುದು ಬೆಂಗಳೂರಿನ ಮಕ್ಕಳಿಗೆ ಹೊಸದಲ್ಲ ನೋಡಿ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ಒಂದು ಲೋಟ ನೀರಲ್ಲಿ ತೊಳೆಯುವುದನ್ನು ಅಲ್ಲಿ ಕಲಿತೆ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬೋರ್‌ವೆಲ್ ಬತ್ತಿದಾಗ ಅದೇ ಉಪಯೋಗಕ್ಕೆ ಬಂತು.

ಪ್ರಶ್ನೆ: ಕೇಳಲು ಸಂಕೋಚ. ಟಾಯ್ಲೆಟ್ ವ್ಯವಸ್ಥೆ ಹೇಗೆ?
— ಹೆಸರು, ಊರು ಬೇಡ

ಸಂಕೋಚ ಬೇಡ, ಮಕ್ಕಳಿರುವವರು ಮೊದಲು ಕೇಳಬೇಕಾದ್ದೇ ಇದು. ಕ್ಯಾರವಾನಿನಲ್ಲಿ ಸಣ್ಣ ಟಾಯ್ಲೆಟ್ ಇರುತ್ತದೆ. ಅದರ ಕೆಳಗೆ ಹೊರಗಿನಿಂದ ಎಳೆದು ತೆಗೆಯುವ ಪೆಟ್ಟಿಗೆ. ಅದನ್ನು ಎಲ್ಲೆಂದರಲ್ಲಿ ಸುರಿಯುವ ಹಾಗಿಲ್ಲ, ಊರುಗಳಲ್ಲಿ ಅದಕ್ಕೆಂದೇ ಜಾಗ ಮಾಡಿರುತ್ತಾರೆ. ಗ್ಲೌಸ್ ಹಾಕಿಕೊಂಡು ಐದು ನಿಮಿಷದ ಕೆಲಸ. ನಾವು ಕ್ಯಾರವಾನ್ ಪಾರ್ಕ್‌ಗಳಲ್ಲಿ ಉಳಿದಾಗ ಅಲ್ಲಿನ ಸ್ನಾನದ ಮನೆ, ಟಾಯ್ಲೆಟ್ ಬಳಸಿದೆವು. ಚೊಕ್ಕವಾಗಿದ್ದವು, ಬಿಸಿನೀರಿತ್ತು. ನಮ್ಮ ಒಳಗಿನದು ಮಕ್ಕಳಿಗೆ ರಾತ್ರಿ ಮಾತ್ರ. ಕ್ಯಾರವಾನಿಗೆ ಒಂದು ಮಗ್ ತೊಗೊಂಡು ಹೋಗಲು ಮರೆಯಬೇಡಿ.

ಪ್ರಶ್ನೆ: ಫೋನ್ ಸಿಗದ ಕಡೆ ಮಗುವಿಗೆ ಜ್ವರ ಬಂದರೆ?
— ಬನಶಂಕರಿ ಮೂರನೇ ಹಂತ

ಊರಿಂದ ಊರಿಗೆ ಹೋಗುವಾಗ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ. ತಮ್ಮ ಒಂದು ಸ್ಯಾಟಲೈಟ್ ಫೋನ್ ಬಾಡಿಗೆಗೆ ತಂದಿದ್ದ. ಒಂದು ಸಲವೂ ಬಳಸಲಿಲ್ಲ, ಆದರೆ ಅದು ಇದೆ ಅನ್ನುವುದರಿಂದಲೇ ನನಗೆ ನಿದ್ದೆ ಬರುತ್ತಿತ್ತು. ತುರ್ತು ನಂಬರ್ 000. ನಮ್ಮ ಮಕ್ಕಳ ಡಾಕ್ಟರ್ ಹತ್ತಿರ ಮುಂಚೆಯೇ ಬರೆಸಿಕೊಂಡು ಜ್ವರದ ಸಿರಪ್, ಓಆರ್‌ಎಸ್, ವಾಂತಿಯ ಔಷಧಿ ಚೀಟಿ ಸಮೇತ ತೊಗೊಂಡಿದ್ದೆ. ಪ್ರಯಾಣ ವಿಮೆ ಮಾಡಿಸದೆ ಮನೆ ಬಿಡಬೇಡಿ.

ಅಲ್ಲಿ ಹಾರುವ ಡಾಕ್ಟರ್ ಸೇವೆ ಇದೆ, ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವೀಸ್. ಜಾನ್ ಫ್ಲಿನ್ ಅನ್ನುವ ಪಾದ್ರಿ 1928ರಲ್ಲಿ ಶುರುಮಾಡಿದ್ದು. ಒಂದೊಂದು ಮನೆಗೂ ನೂರಾರು ಕಿಲೋಮೀಟರ್ ಅಂತರ ಇರುವ ಸೀಮೆಗೆ ವಿಮಾನದಲ್ಲಿ ಡಾಕ್ಟರ್ ಹೋಗುತ್ತಾರೆ. ಹೆದ್ದಾರಿಯ ಕೆಲವು ಕಡೆ ರಸ್ತೆ ಮೇಲೆಯೇ ರನ್‌ವೇ ಗುರುತು ಬಳಿದಿದ್ದಾರೆ, ತುರ್ತಿಗೆ ವಿಮಾನ ಅಲ್ಲೇ ಇಳಿಯಲಿ ಅಂತ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ರೇಡಿಯೋ ಶಾಲೆಯೂ ಇದೆ. ದೂರದ ಹಟ್ಟಿಗಳ ಮಕ್ಕಳಿಗಾಗಿ 1951ರಲ್ಲಿ ರೇಡಿಯೋ ಮೂಲಕ ಪಾಠ ಶುರುವಾಯಿತು, ಈಗ ಇಂಟರ್‌ನೆಟ್ ಮೂಲಕ ನಡೆಯುತ್ತದೆ. ಎರಡನ್ನೂ ಮಕ್ಕಳಿಗೆ ತೋರಿಸಿ. ಕೋವಿಡ್ ಹೊತ್ತಲ್ಲಿ ಮೊಬೈಲ್ ಎದುರು ಯುಕೆಜಿ ಕಲಿತ ನನ್ನ ಮಗ ಆ ಶಾಲೆಯ ಗಾಜಿನ ಮುಂದೆ ಅಲುಗಾಡದೆ ನಿಂತಿದ್ದ.

ಒಂದು ಎಚ್ಚರಿಕೆ, ಕೂಬರ್ ಪೀಡಿ ಬಗ್ಗೆ. ಅದು ಓಪಲ್ ಅನ್ನುವ ರತ್ನದ ಕಲ್ಲಿನ ಗಣಿಯ ಊರು. 1915ರಲ್ಲಿ ಅಲ್ಲಿ ಮೊದಲು ಓಪಲ್ ಕಂಡವನು ಹದಿನಾಲ್ಕು ವರ್ಷದ ಹುಡುಗ. ಬಿಸಿಲು ತಾಳದೆ ಜನ ಗುಡ್ಡ ಕೊರೆದು ನೆಲದೊಳಗೆ ಮನೆ ಮಾಡಿಕೊಂಡಿದ್ದಾರೆ. ಒಳಗೆ ವರ್ಷ ಪೂರ್ತಿ ತಂಪು. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಆದರೆ ಊರ ಸುತ್ತ ಮುಚ್ಚದೆ ಬಿಟ್ಟ ಆಳದ ಗುಂಡಿಗಳಿವೆ. ಓಡಬೇಡಿ, ಹಿಮ್ಮುಖವಾಗಿ ನಡೆಯಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಫೋಟೋ ತೆಗೆಯುವಾಗ ನಾವು ಸುಮ್ನೆ ಎರಡು ಹೆಜ್ಜೆ ಹಿಂದೆ ಹೋಗುತ್ತೇವಲ್ಲ, ಅದಕ್ಕೆ. ಅಲ್ಲಿದ್ದ ಅಷ್ಟು ಹೊತ್ತೂ ನಾನು ಇಬ್ಬರ ಕೈ ಬಿಡಲಿಲ್ಲ.

ಪ್ರಶ್ನೆ: ಅಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ ಅಕ್ಕ. ಆದರೆ ಮಕ್ಕಳಿಗೆ ಇಂಥದ್ದೊಂದು ಅನುಭವ ಕೊಡಬೇಕು ಅಂತ ಆಸೆ. ಇಲ್ಲೇ ಏನಾದರೂ ಮಾಡಬಹುದಾ?
— ಪೀಣ್ಯ

ಖಂಡಿತ ಮಾಡಬಹುದು ತಂಗಿ. ವಿಮಾನದ ಖರ್ಚು ದೊಡ್ಡದು, ನಾವು ಮೂರು ವರ್ಷ ಕೂಡಿಟ್ಟಿದ್ದೆವು. ಅದೂ ತಮ್ಮನ ಮನೆ, ತಮ್ಮನ ಗಾಡಿ ಇತ್ತು ಅಂತ ಆಯಿತು.

ಬೆಂಗಳೂರಲ್ಲೂ ಈಗ ಚಾಲಕರ ಸಮೇತ ಕ್ಯಾರವಾನ್ ಬಾಡಿಗೆಗೆ ಸಿಗುತ್ತದೆ. ಎರಡು ಮೂರು ಮನೆಯವರು ಸೇರಿದರೆ ಹಗುರ. ಅದೂ ಬೇಡ ಅಂದರೆ ನಿಮ್ಮ ಕಾರು, ಒಂದು ಟೆಂಟ್, ಒಂದು ಸಣ್ಣ ಗ್ಯಾಸ್ ಒಲೆ ಸಾಕು. ಚಿತ್ರದುರ್ಗದ ಕೋಟೆ ನೋಡಿ ಒಂದು ರಾತ್ರಿ ಅಲ್ಲಿ, ಮರುದಿನ ಹಂಪಿ. ಟೆಂಟ್ ಹಾಕಲು ಬಿಡುವ ತೋಟದ ಮನೆಗಳನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಡಿಸೆಂಬರ್-ಜನವರಿಯಲ್ಲಿ ಹೋಗಿ. ಹಂಪಿಯ ಬಂಡೆಗಳ ಮೇಲೆ ಸಂಜೆ ಕೂತು, ಮಕ್ಕಳು ಮೊಬೈಲ್ ಇಲ್ಲದೆ ಎರಡು ಗಂಟೆ ಕಲ್ಲು ಜೋಡಿಸಿ ಆಡುವುದನ್ನು ನೋಡಿ. ನಾನು ಉಲುರುವಿನಲ್ಲಿ ನೋಡಿದ್ದೂ ಅದನ್ನೇ.

ಹೊರಡುವ ಮುಂಚೆ ಒಂದು ರಾತ್ರಿ ತಾರಸಿ ಮೇಲೆ ಮಲಗಿಸಿ ನೋಡಿ. ನನ್ನ ಮಗಳು ಮೊದಲ ರಾತ್ರಿ ತಾರಸಿಯಲ್ಲಿ ಹೆದರಿ ಅತ್ತಳು, ಎರಡನೇ ರಾತ್ರಿ ನಿದ್ದೆ ಮಾಡಿದಳು. ಆ ಎರಡು ರಾತ್ರಿ ಇಲ್ಲಿಯೇ ಮುಗಿದಿದ್ದರಿಂದ ಅಲ್ಲಿ ಕಷ್ಟ ಆಗಲಿಲ್ಲ.

ಪ್ರಶ್ನೆ: ಆಂಟಿ, ನಾನು ಐದನೇ ಕ್ಲಾಸ್. ಉಲುರು ಬಂಡೆ ಎಷ್ಟು ದೊಡ್ಡದು? ನಿಮ್ಮ ಮಗ ಅದರ ತುದಿಗೆ ಹತ್ತಿದನಾ? ನಾನು ದೊಡ್ಡವನಾದ ಮೇಲೆ ಹತ್ತಬೇಕು.
— ಬಸವನಗುಡಿಯ ಹುಡುಗ

ಪುಟ್ಟಾ, ನಿನ್ನ ಪತ್ರ ಎರಡು ಸಲ ಓದಿದೆ. ಉಲುರು ನೆಲದಿಂದ 348 ಮೀಟರ್ ಎತ್ತರ. ಸುತ್ತಳತೆ 9.4 ಕಿಲೋಮೀಟರ್. ಸುತ್ತಲೂ ಚಪ್ಪಟೆ ನೆಲ, ನಡುವೆ ಇದೊಂದೇ ಬಂಡೆ. ಅದರಲ್ಲಿ ಕಬ್ಬಿಣದ ಅಂಶ ಇದೆ, ಗಾಳಿ ನೀರು ತಾಗಿ ತುಕ್ಕು ಹಿಡಿದಿದೆ. ಹಳೇ ಗೇಟಿನ ತುಕ್ಕು ನೋಡಿದ್ದೀಯಲ್ಲ, ಅದೇ ಕೆಂಪು. ಸೂರ್ಯ ಮುಳುಗುವಾಗ ಆ ಕೆಂಪು ಮೊದಲು ಕೆಂಡದ ಹಾಗೆ ಆಗಿ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ನನ್ನ ಮಗ ಹತ್ತಲಿಲ್ಲ. ಈಗ ಯಾರೂ ಹತ್ತುವ ಹಾಗಿಲ್ಲ. ಆ ಬಂಡೆ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರದು. ಸಾವಿರಾರು ವರ್ಷದಿಂದ ಅವರಿಗೆ ಅದು ದೇವರ ಜಾಗ. ಹಿಂದೆ ಸರ್ಕಾರ ಆ ನೆಲವನ್ನು ತನ್ನದು ಮಾಡಿಕೊಂಡಿತ್ತು. 1985ರ ಅಕ್ಟೋಬರ್ 26ರಂದು ಅವರಿಗೆ ವಾಪಸ್ ಕೊಟ್ಟರು. ಆಮೇಲೂ ಪ್ರವಾಸಿಗರು ಹತ್ತುತ್ತಲೇ ಇದ್ದರು. ದಯವಿಟ್ಟು ಹತ್ತಬೇಡಿ ಅಂತ ಅವರು ಬಹಳ ವರ್ಷ ಕೇಳಿಕೊಂಡರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ನಿಂತಿತು. ತಾರೀಖು ನೋಡು, ನೆಲ ವಾಪಸ್ ಸಿಕ್ಕಿದ ದಿನವೇ.

ಮಗನಿಗೂ ಮೊದಲು ಬೇಜಾರಾಯಿತು, ನಿನ್ನ ಹಾಗೇ ಆಸೆ ಇಟ್ಟುಕೊಂಡಿದ್ದ. ನಾನು ಕೇಳಿದೆ: ನಮ್ಮ ದೊಡ್ಡ ಬಸವಣ್ಣನ ಬೆನ್ನ ಮೇಲೆ ಯಾರಾದರೂ ಬೂಟುಗಾಲಲ್ಲಿ ಹತ್ತಿ ಫೋಟೋ ತೆಗೆಸಿಕೊಂಡರೆ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಟೋಪಿ ತೆಗೆದು ಬಂಡೆಗೆ ಕೈ ಮುಗಿದ. ನಾನು ಹೇಳಿಕೊಟ್ಟಿದ್ದಲ್ಲ.

ಹತ್ತದೆಯೂ ಅಲ್ಲಿ ನೋಡಲು ಬಹಳ ಇದೆ. ಬುಡದಲ್ಲಿ ಕುನಿಯಾ ಅಂತ ಒಂದು ದಾರಿ, ಹೋಗಿ ಬರಲು ಒಂದೇ ಕಿಲೋಮೀಟರ್. ಕೊನೆಗೆ ಒಂದು ನೀರಿನ ಹೊಂಡ. ಕುನಿಯಾ ಅಂದರೆ ಹೆಬ್ಬಾವಿನ ರೂಪದ ಹೆಂಗಸು, ಅವಳ ಕಥೆಯನ್ನು ಬಂಡೆಯ ಮೇಲಿನ ಗೆರೆಗಳಲ್ಲೇ ತೋರಿಸುತ್ತಾರೆ. ಕೆಲವು ಕಡೆ ಫೋಟೋ ತೆಗೆಯಬಾರದು, ಬೋರ್ಡ್ ಇರುತ್ತದೆ. ಕಲ್ಲು, ಮಣ್ಣು ತರಬಾರದು. ಹಿಂದೆ ಕದ್ದುಕೊಂಡು ಹೋದ ಎಷ್ಟೋ ಜನ ಆಮೇಲೆ ಮನಸ್ಸು ತಡೆಯದೆ ಕ್ಷಮಿಸಿ ಅಂತ ಬರೆದು ಅಂಚೆಯಲ್ಲಿ ವಾಪಸ್ ಕಳಿಸಿದ್ದಾರೆ.

ರಾತ್ರಿ ಆಕಾಶ ನೋಡಬೇಕು ನೀನು. ಬೀದಿ ದೀಪ ಇಲ್ಲ, ಹೊಗೆ ಇಲ್ಲ. ಆಕಾಶಗಂಗೆ ಹಿಟ್ಟು ಚೆಲ್ಲಿದ ಹಾಗಿತ್ತು. ನಾವು ನಕ್ಷತ್ರ ಸೇರಿಸಿ ಆಕಾರ ನೋಡುತ್ತೇವೆ. ಅಲ್ಲಿನ ಮೂಲನಿವಾಸಿಗಳಲ್ಲಿ ಬಹಳ ಜನ ನಕ್ಷತ್ರಗಳ ನಡುವಿನ ಕತ್ತಲನ್ನೂ ನೋಡುತ್ತಾರೆ. ಆಕಾಶಗಂಗೆಯ ಉದ್ದಕ್ಕೂ ಇರುವ ಕಪ್ಪು ಪಟ್ಟೆ ಅವರಿಗೆ ಒಂದು ಎಮು ಹಕ್ಕಿ. ಮಾಮ ಬೆರಳು ತೋರಿಸಿ ತಲೆ ಇದು, ಕುತ್ತಿಗೆ ಇದು ಅಂದಾಗ ನನಗೆ ಮೊದಲು ಕಾಣಲಿಲ್ಲ, ಮಗನಿಗೆ ಕಂಡಿತು. ಆಮೇಲೆ ನನಗೂ ಕಂಡಿತು.

ಈಗ ನಿನಗೆ ಒಂದು ವಿಷಯ. ಉಲುರುವಿನ ಕಲ್ಲು ಹುಟ್ಟಿ ಸುಮಾರು 55 ಕೋಟಿ ವರ್ಷ. ನಿಮ್ಮ ಮನೆಯ ಹತ್ತಿರದ ಲಾಲ್‌ಬಾಗ್ ಬಂಡೆ ಇದೆಯಲ್ಲ, ಮೇಲೆ ಕೆಂಪೇಗೌಡರ ಗೋಪುರ ಇರುವುದು, ಅದಕ್ಕೆ ಸುಮಾರು 300 ಕೋಟಿ ವರ್ಷ. ಅಂದರೆ ಉಲುರುಗಿಂತ ಐದು ಪಟ್ಟು ಹಳೆಯದು! ಅಲ್ಲೊಂದು ಫಲಕ ಇದೆ, ಓದು. ಆ ಬಂಡೆಯನ್ನು ಹತ್ತಬಹುದು. ಭಾನುವಾರ ಅಪ್ಪನನ್ನು ಕರೆದುಕೊಂಡು ಸಂಜೆ ನಾಲ್ಕೂವರೆಗೆ ಹೋಗು. ಬಿಸಿಲು ಇಳಿದ ಮೇಲೆ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡು, ಒಳಗಿನ ಬಿಸಿ ಇನ್ನೂ ಇರುತ್ತದೆ. ಕಪ್ಪು ಬಿಳಿ ಗೆರೆ ಎಲ್ಲಿ ಬಳುಕಿವೆ ಅಂತ ಹುಡುಕು. ಕಾವಲುಗಾರರು ಸೀಟಿ ಊದುವ ಮೊದಲು ಇಳಿದು ಬಾ. ಏನೇನು ಕಂಡಿತು ಅಂತ ನನಗೆ ಬರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.